ಸಂಶೋಧನ ವೇತನವೂ ಶಾಸ್ತ್ರವಿಭಾಗವೂ: ಸಗರನಾಡಿನ ನಿದರ್ಶನದಿಂದ ಒಂದು ವಿಮರ್ಶೆ

ವಿಶ್ವವಿದ್ಯಾಲಯಗಳಲ್ಲಿ ಪಿಎಚ್.ಡಿ. ಪದವಿಗಾಗಿ ದುಡಿಯುವ ವಿದ್ಯಾರ್ಥಿಗೆ ಕೊಡುವ ವೇತನವು ಕಚೇರಿಯ ಲೆಕ್ಕಪತ್ರಗಳಿಗೆ ಸೇರಿದ ಸಂಗತಿಯೆಂದೂ ಸಾಹಿತ್ಯವಿಮರ್ಶೆಗೂ ಅದಕ್ಕೂ ಯಾವ ಸಂಬಂಧವೂ ಇಲ್ಲವೆಂದೂ ನಮ್ಮಲ್ಲಿ ಅನೇಕರು ಭಾವಿಸಿರುವರು. ಈ ಭಾವನೆ ಸರಿಯಲ್ಲವೆಂದು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ. ಯಾವ ಶಾಸ್ತ್ರಕ್ಕೆ ಎಷ್ಟು ಹಣ, ಎಷ್ಟು ಕಾಲ, ಯಾವ ಪರೀಕ್ಷೆಯ ಮೂಲಕ ಎಂಬ ನಿಯಮಾವಳಿಯಲ್ಲಿ, ಜ್ಞಾನವೆಂದರೇನು, ಅದು ಹೇಗೆ ಹುಟ್ಟುತ್ತದೆ ಎಂಬ ವಿಷಯದಲ್ಲಿ ಒಂದು ಸಿದ್ಧಾಂತವೇ ಅಡಗಿದೆ. ಸಿದ್ಧಾಂತವಿದ್ದಲ್ಲಿ ವಿಮರ್ಶೆಗೆ ಅವಕಾಶವುಂಟು. ಆ ಸಿದ್ಧಾಂತವು ಕನ್ನಡದ ಪ್ರೌಢಪ್ರಬಂಧಗಳ ಸ್ವರೂಪವನ್ನು ಹೇಗೆ ರೂಪಿಸುತ್ತಿದೆ ಎಂಬುದನ್ನು ಒಂದು ಸೀಮೆಯ ನಿದರ್ಶನವನ್ನಿಟ್ಟುಕೊಂಡು ಪರಿಶೀಲಿಸೋಣ.

೧

ಆ ಸೀಮೆ ಸಗರನಾಡು. ಎಂದರೆ ಕೃಷ್ಣಾ-ಭೀಮಾ ನದಿಗಳ ನಡುವಣ ಶಹಾಪುರ, ಸುರಪುರಗಳ ಪ್ರದೇಶ. ೨೦೦೯-೧೦ರಲ್ಲಿ ಯಾದಗಿರಿ ಜಿಲ್ಲೆ ರಚಿತವಾದಾಗ ಇದು ಆ ಜಿಲ್ಲೆಗೆ ಸೇರಿತು. ಶಹಾಪುರಕ್ಕೆ ಸಮೀಪದಲ್ಲಿರುವ ಭೀಮರಾಯನಗುಡಿಯು ಈ ನಾಡಿನ ಹೊಸ ಚರಿತ್ರೆಯ ಕೇಂದ್ರ. ೧೯೮೨ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿದು ಕೃಷ್ಣಾ ಮೇಲ್ದಂಡೆ ಯೋಜನೆಯ ನೀರು ಕಾಲುವೆಗಳಲ್ಲಿ ಹರಿಯತೊಡಗಿದ ಮೇಲೆ, ಅಚ್ಚುಕಟ್ಟು ಪ್ರದೇಶದ ಅಭಿವೃದ್ಧಿಗಾಗಿ ಏರ್ಪಟ್ಟ ಕಾಡಾ ಕಚೇರಿಯು ಇಲ್ಲಿ ನೆಲಸಿತು. ಇಲ್ಲಿಯ ಕೃಷಿ ಮಹಾವಿದ್ಯಾಲಯವು ೨೦೦೮ರಲ್ಲಿ ಸ್ಥಾಪಿತವಾದ ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಅಧೀನವಾದುದು. ಜೋಳ, ತೊಗರಿಗಳ ಎರೆಹೊಲಕ್ಕೆ ಕಾಲುವೆಯ ನೀರು ಬಂದು ಭತ್ತದ ಗದ್ದೆಯಾದಾಗ ನೆಲಕ್ಕೆ ಏನಾಗುತ್ತದೆ, ಜವಳು ಏಕೆ ಹಿಡಿಯುತ್ತದೆ, ಉಪ್ಪು ಏಕೆ ಮೇಲೇಳುತ್ತದೆ ಎಂಬ ಪ್ರಶ್ನೆಗಳು ಇಲ್ಲಿಯ ಮಣ್ಣುಶಾಸ್ತ್ರಜ್ಞರಿಗೆ ನಿತ್ಯದವು.

ಆದರೆ ಅದೇ ಮಣ್ಣು ಬೇರೆ ಶಾಸ್ತ್ರಗಳಿಗೂ ಮೂಲಗ್ರಂಥವಾಗಿದೆ. ೧೯ನೆಯ ಶತಮಾನದ ಮಧ್ಯಭಾಗದಲ್ಲಿ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳುತ್ತಿದ್ದ ಮೆಡೋಸ್ ಟೇಲರನು ಈ ಸೀಮೆಯ ಬೃಹತ್ ಶಿಲಾಸಮಾಧಿಗಳನ್ನು ಶೋಧಿಸಿ ವಿದ್ವತ್ ಪತ್ರಿಕೆಗಳಲ್ಲಿ ಬರೆದನು. ರಾಜನಕೋಳೂರಿನ ಕಲ್ಮನೆಗಳು ಪಂಡಿತರಿಗೆ ಪರಿಚಿತವಾದುದು ಹೀಗೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಸುರಪುರ ದೋಆಬಿನ ನವಶಿಲಾಯುಗದ ಸಂಸ್ಕೃತಿಯನ್ನು ಕುರಿತು ನಡೆಸಿದ ಸಂಶೋಧನೆಯು ೧೯೭೩ರಲ್ಲಿ ಹಾಲೆಂಡಿನ ಲೈಡನ್ನಿನಿಂದ ಗ್ರಂಥರೂಪದಲ್ಲಿ ಪ್ರಕಟವಾಯಿತು. ಅನಂತರ ಅವರು ಹುಣಸಗಿ-ಬೈಚಬಾಳ ಕಣಿವೆಗಳಲ್ಲಿ ದಶಕಗಳ ಕಾಲ ಶೋಧನೆ ನಡೆಸಿದರು. ಇಸಂಪುರದಲ್ಲಿ ಸುಮಾರು ೧೨ ಲಕ್ಷ ವರ್ಷಗಳಷ್ಟು ಹಿಂದಿನದೆಂದು ಅಂದಾಜಾಗಿರುವ ಕಲ್ಲಿನ ಉಪಕರಣಗಳ ತಾಣವನ್ನು ಅಗೆದರು. ಬೂದಿಹಾಳದಲ್ಲಿ ನವಶಿಲಾಯುಗದ ದನಗಾಹಿಗಳ ಬೂದಿದಿಬ್ಬವನ್ನು ಉತ್ಖನನ ಮಾಡಿದರು. ಇವರಿಗೆ ೨೦೧೨ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು.

ಇಲ್ಲಿ ಬೂದಿಹಾಳವೆಂಬ ಒಂದು ಹೆಸರನ್ನೇ ವಾಚಕರು ಗಮನಿಸಬೇಕು. ದಕ್ಷಿಣ ಭಾರತದ ಬೂದಿದಿಬ್ಬಗಳು ಏನೆಂಬುದು ಬಹುಕಾಲ ವಿವಾದಗ್ರಸ್ತವಾಗಿತ್ತು. ಅವು ದನಗಳ ಸಗಣಿ ಸುಟ್ಟು ಉಳಿದ ಬೂದಿಯೆಂದು ನಿಶ್ಚಯವಾಗಬೇಕಾದರೆ ರಾಸಾಯನಿಕ ಪರೀಕ್ಷೆ ಬೇಕಾಯಿತು. ಅವುಗಳ ಕಾಲವನ್ನು ಗೊತ್ತುಮಾಡಲು ಭೌತಶಾಸ್ತ್ರವೂ, ಕೆಳಗಿನ ಪದರಗಳನ್ನು ಓದಲು ಪುರಾತತ್ತ್ವವೂ ಬೇಕಾದುವು. ಅನೇಕ ಕಡೆ ರೈತರು ಆ ಬೂದಿಯನ್ನು ಗೊಬ್ಬರವೆಂದು ಹೊಲಕ್ಕೆ ಹೊತ್ತುಹಾಕಿರುವುದರಿಂದ ಕೃಷಿಶಾಸ್ತ್ರಕ್ಕೂ ಇದರಲ್ಲಿ ಪ್ರವೇಶವಿದೆ. ಇನ್ನು, ಊರಿನ ಹೆಸರಿನ ಪೂರ್ವಪದದಲ್ಲಿ ಆ ಬೂದಿಯ ನೆನಪು ಉಳಿದಿದೆಯೋ ಅಥವಾ ಅದು ಬೇರೆಯ ಮಾತು ಕಾಲಕ್ರಮದಲ್ಲಿ ಹಾಗೆ ಮಾರ್ಪಟ್ಟುದೋ ಎಂಬುದನ್ನು ಶಾಸನಗಳ, ಕಂದಾಯದ ಹಳೆಯ ಕಡತಗಳ ರೂಪಗಳನ್ನು ಹೋಲಿಸಿ ತೀರ್ಮಾನಿಸಬೇಕಾದವನು ಕನ್ನಡದ ವಿದ್ವಾಂಸನೇ. ಹೆಸರನ್ನು ಕಂಡೊಡನೆ ಅರ್ಥ ಹೇಳಿಬಿಡುವುದು ಸಂಶೋಧನೆಯಲ್ಲ. ಒಂದೇ ದಿಬ್ಬ, ಅದರ ಸುತ್ತ ಐದು ಶಾಸ್ತ್ರಗಳು. ಆದರೆ ಈ ಐದು ಶಾಸ್ತ್ರಗಳ ಐವರು ವಿದ್ಯಾರ್ಥಿಗಳು ಆ ದಿಬ್ಬದ ಬಳಿ ಎಂದಾದರೂ ಒಟ್ಟಿಗೆ ನಿಲ್ಲುವಂತೆ ನಮ್ಮ ವೇತನಕ್ರಮವು ಏರ್ಪಟ್ಟಿದೆಯೇ?

೨

ಈಗ ಅಂಕಿಗಳನ್ನು ನೋಡೋಣ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು ನೆಟ್ ಪರೀಕ್ಷೆಯ ಮೂಲಕ ಕೊಡುವ ಕಿರಿಯ ಸಂಶೋಧನ ವೇತನವು, ಎಂದರೆ ಜೆ.ಆರ್.ಎಫ್. ಎಂದು ಪ್ರಸಿದ್ಧವಾದುದು, ೨೦೨೩ರ ಜನವರಿ ೧ರಿಂದ ತಿಂಗಳಿಗೆ ರೂ. ೩೧,೦೦೦ದಿಂದ ರೂ. ೩೭,೦೦೦ಕ್ಕೆ ಏರಿತು, ಎರಡು ವರ್ಷಗಳ ಬಳಿಕ ದೊರೆಯುವ ಹಿರಿಯ ವೇತನವು ರೂ. ೩೫,೦೦೦ದಿಂದ ರೂ. ೪೨,೦೦೦ಕ್ಕೆ ಏರಿತು. ಒಟ್ಟು ಅವಧಿ ಐದು ವರ್ಷ. ಈ ಮೊತ್ತವು ವಿಜ್ಞಾನಕ್ಕೂ ಮಾನವಿಕಗಳಿಗೂ ಸಮಾನವಾಗಿರುವುದು ಈ ಏರ್ಪಾಡಿನ ಶ್ಲಾಘ್ಯವಾದ ಅಂಶ. ಹಳಗನ್ನಡವನ್ನು ಓದುವವನ ಹಸಿವೂ ರಸಾಯನವನ್ನು ಓದುವವನ ಹಸಿವೂ ಒಂದೇ ಎಂಬ ನ್ಯಾಯವನ್ನು ಆಯೋಗವು ಒಪ್ಪಿದೆ.

ಆದರೆ ಪುಸ್ತಕ, ಪ್ರವಾಸ, ಸಲಕರಣೆ ಮುಂತಾದ ಸಾದಿಲ್ವಾರು ವೆಚ್ಚಕ್ಕೆ ಬಂದಾಗ ಈ ನ್ಯಾಯ ನಿಲ್ಲುವುದಿಲ್ಲ. ಆಯೋಗದ ನಿಯಮದಲ್ಲಿ ಮಾನವಿಕ, ಸಮಾಜಶಾಸ್ತ್ರಗಳ ವಿದ್ಯಾರ್ಥಿಗೆ ಮೊದಲ ಎರಡು ವರ್ಷ ವರ್ಷಕ್ಕೆ ರೂ. ೧೦,೦೦೦, ಮುಂದಿನ ಮೂರು ವರ್ಷ ರೂ. ೨೦,೫೦೦ ಎಂದಿದ್ದರೆ, ವಿಜ್ಞಾನದ ವಿದ್ಯಾರ್ಥಿಗೆ ಕ್ರಮವಾಗಿ ರೂ. ೧೨,೦೦೦ ಮತ್ತು ರೂ. ೨೫,೦೦೦ ಎಂದಿದೆ. ಐದು ವರ್ಷಗಳನ್ನು ಕೂಡಿಸಿದರೆ ಮೊದಲನೆಯವನಿಗೆ ರೂ. ೮೧,೫೦೦, ಎರಡನೆಯವನಿಗೆ ರೂ. ೯೯,೦೦೦ ಆಗುತ್ತದೆ. ವ್ಯತ್ಯಾಸ ರೂ. ೧೭,೫೦೦. ಮೊತ್ತ ದೊಡ್ಡದಲ್ಲ; ಆದರೆ ಅದರ ಹಿಂದಿನ ಊಹೆ ದೊಡ್ಡದು. ವಿಜ್ಞಾನಿಗೆ ಪ್ರಯೋಗಶಾಲೆಯಿದೆ, ಆದುದರಿಂದ ಖರ್ಚಿದೆ. ಸಾಹಿತ್ಯದವನಿಗೆ ಪುಸ್ತಕವಿದ್ದರೆ ಸಾಕು, ಅದು ಗ್ರಂಥಾಲಯದಲ್ಲಿದೆ ಎಂಬುದೇ ಆ ಊಹೆ. ಪ್ರಯೋಗಶಾಲೆಯ ಬಹುಭಾಗದ ವೆಚ್ಚವನ್ನು ಸಂಸ್ಥೆಯೇ ಹೊರುತ್ತದೆ. ಊರೂರು ತಿರುಗಿ ಹಸ್ತಪ್ರತಿ ಹುಡುಕುವವನ ಬಸ್ಸಿನ ದರವನ್ನು ಹೊರುವವರು ಯಾರೂ ಇಲ್ಲ ಎಂಬುದು ಇಲ್ಲಿ ಮರೆತುಹೋಗಿದೆ.

ಮೇಲಣ ತುದಿಯಲ್ಲಿ ಅಂತರ ಇನ್ನೂ ಹಿರಿದು. ೨೦೧೮ರಲ್ಲಿ ಘೋಷಿತವಾದ ಪ್ರಧಾನಮಂತ್ರಿ ಸಂಶೋಧನ ವೇತನದಲ್ಲಿ ಮೊದಲ ಎರಡು ವರ್ಷ ತಿಂಗಳಿಗೆ ರೂ. ೭೦,೦೦೦, ಮೂರನೆಯ ವರ್ಷ ರೂ. ೭೫,೦೦೦, ಕೊನೆಯ ಎರಡು ವರ್ಷ ರೂ. ೮೦,೦೦೦ ಎಂದೂ, ಅದಲ್ಲದೆ ವರ್ಷಕ್ಕೆ ರೂ. ೨ ಲಕ್ಷದ ಸಂಶೋಧನ ಅನುದಾನವೆಂದೂ ಗೊತ್ತುಮಾಡಲಾಯಿತು. ಐದು ವರ್ಷಗಳ ವೇತನವೇ ರೂ. ೪೫ ಲಕ್ಷವಾಗುತ್ತದೆ, ಜೆ.ಆರ್.ಎಫ್. ಪಡೆದವನಿಗೆ ಅದೇ ಅವಧಿಯಲ್ಲಿ ರೂ. ೨೪ ಲಕ್ಷ. ಈ ಏರ್ಪಾಡು ವಿಜ್ಞಾನ, ತಂತ್ರಶಾಸ್ತ್ರಗಳಿಗೆ ಮೀಸಲಾದುದು. ಕೆಳಗಣ ತುದಿಯಲ್ಲಿ, ಕೇಂದ್ರ ವಿಶ್ವವಿದ್ಯಾಲಯಗಳಲ್ಲಿ ನೆಟ್ ವೇತನವಿಲ್ಲದೆ ಪಿಎಚ್.ಡಿ. ಮಾಡುವವರಿಗೆಂದು ಗೊತ್ತಾದುದು ತಿಂಗಳಿಗೆ ರೂ. ೮,೦೦೦; ಎಂದರೆ ಜೆ.ಆರ್.ಎಫ್.ನ ಕಾಲುಭಾಗಕ್ಕೂ ಕಡಮೆ. ೨೦೧೫ರ ಅಕ್ಟೋಬರಿನಲ್ಲಿ ಇದನ್ನೂ ನಿಲ್ಲಿಸಲು ಆಯೋಗವು ನಿರ್ಧರಿಸಿದಾಗ ದೆಹಲಿಯಲ್ಲಿ ವಿದ್ಯಾರ್ಥಿಗಳು ಆಯೋಗದ ಕಚೇರಿಯ ಮುಂದೆ ಕುಳಿತು ಪ್ರತಿಭಟಿಸಿದರು. ಬಳಿಕ ವೇತನ ಮುಂದುವರಿಯಿತು. ಆದರೆ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಓದುವವರಿಗೆ ಈ ಏರ್ಪಾಡು ಅನ್ವಯಿಸುವುದೇ ಇಲ್ಲ. ಸಗರನಾಡಿನ ಕನ್ನಡ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಸೇರುವುದು ರಾಜ್ಯದ ವಿಶ್ವವಿದ್ಯಾಲಯಗಳಿಗೇ.

ಹೆಸರುಗಳಲ್ಲಿಯೂ ಐಕ್ಯವಿಲ್ಲ. ಕೃಷಿಶಾಸ್ತ್ರದಲ್ಲಿ ಜೆ.ಆರ್.ಎಫ್. ಎಂಬುದು ಭಾರತೀಯ ಕೃಷಿ ಸಂಶೋಧನ ಪರಿಷತ್ತು ಎಂ.ಎಸ್ಸಿ. ವಿದ್ಯಾರ್ಥಿಗೆ ಕೊಡುವ ವೇತನದ ಹೆಸರಾಗಿ ಬಹುಕಾಲ ರೂಢಿಯಲ್ಲಿತ್ತು. ಕನ್ನಡ ವಿಭಾಗದಲ್ಲಿ ಅದೇ ಮಾತು ಪಿಎಚ್.ಡಿ.ಯ ವೇತನವನ್ನು ಸೂಚಿಸುತ್ತದೆ. ವಿಜ್ಞಾನಕ್ಕೊಂದು ಪರಿಷತ್ತು, ಕೃಷಿಗೊಂದು ಪರಿಷತ್ತು, ೧೯೬೯ರಲ್ಲಿ ಸಮಾಜಶಾಸ್ತ್ರಗಳಿಗೊಂದು, ೧೯೭೨ರಲ್ಲಿ ಚರಿತ್ರೆಗೊಂದು ಹೀಗೆ ಬೇರೆ ಬೇರೆ ಮನೆಗಳು ಕಟ್ಟಲ್ಪಟ್ಟುವು. ಒಂದೊಂದು ಮನೆಗೂ ಅದರದೇ ಬಾಗಿಲು, ಅದರದೇ ಬೀಗ. ಬೂದಿಹಾಳದ ದಿಬ್ಬಕ್ಕೆ ಹೋಗಬೇಕಾದ ಐವರು ಐದು ಬಾಗಿಲುಗಳಲ್ಲಿ ನಿಂತಿದ್ದಾರೆ.

೩

ಹಣಕ್ಕಿಂತ ಮೊದಲು ಬರುವುದು ಪರೀಕ್ಷೆ. ನೆಟ್‌ನಲ್ಲಿ ಒಟ್ಟು ೩೦೦ ಅಂಕಗಳು. ಅವುಗಳಲ್ಲಿ ೨೦೦ ವಿಷಯಜ್ಞಾನಕ್ಕೆ, ೧೦೦ ಎಲ್ಲರಿಗೂ ಸಾಮಾನ್ಯವಾದ ಮೊದಲನೆಯ ಪತ್ರಿಕೆಗೆ. ಕನ್ನಡದ ವಿಷಯಪತ್ರಿಕೆಯು ಕನ್ನಡದಲ್ಲಿದೆ. ಸಾಮಾನ್ಯ ಪತ್ರಿಕೆಯಾದರೋ ಇಂಗ್ಲಿಷ್ ಮತ್ತು ಹಿಂದಿಗಳಲ್ಲಿ ಮಾತ್ರ. ತರ್ಕ, ಅಂಕಿಅಂಶ, ಬೋಧನಶಕ್ತಿ ಇವುಗಳ ಪರೀಕ್ಷೆ ಆವಶ್ಯಕವೆಂದು ಒಪ್ಪೋಣ. ಆದರೆ ತರ್ಕಶಕ್ತಿಯನ್ನು ಅಳೆಯುವಾಗ ಪರಭಾಷಾಜ್ಞಾನವೂ ಜೊತೆಯಲ್ಲಿ ತೂಗಲ್ಪಟ್ಟರೆ ಅಳತೆ ಶುದ್ಧವಾಗದು. ಹಳ್ಳಿಯ ಶಾಲೆಯಿಂದ ಎಂ.ಎ.ವರೆಗೂ ಕನ್ನಡದಲ್ಲಿಯೇ ಓದಿ, ಪಂಪನನ್ನೂ ಹರಿಹರನನ್ನೂ ಬಾಯಲ್ಲಿಟ್ಟುಕೊಂಡ ಒಬ್ಬನು ಮೂರರಲ್ಲಿ ಒಂದು ಪಾಲಿನ ಅಂಕಗಳನ್ನು ಅನ್ಯಭಾಷೆಯ ಪ್ರಶ್ನೆಗಳಿಂದ ಗಳಿಸಬೇಕಾಗಿದೆ. ರಾಜ್ಯದ ಕೆ-ಸೆಟ್ ಪರೀಕ್ಷೆಯನ್ನು ತೇರ್ಗಡೆಯಾದರೆ ಅಧ್ಯಾಪಕ ಹುದ್ದೆಗೆ ಅರ್ಹತೆ ದೊರೆಯುತ್ತದೆ. ಸಂಶೋಧನ ವೇತನ ದೊರೆಯುವುದಿಲ್ಲ. ೨೦೨೪ರ ಜೂನಿನಿಂದ ನೆಟ್‌ನ ಫಲಿತಾಂಶವನ್ನು ಪಿಎಚ್.ಡಿ. ಪ್ರವೇಶಕ್ಕೂ ಬಳಸುವ ಏರ್ಪಾಡು ಬಂದಿರುವುದರಿಂದ ಈ ಪತ್ರಿಕೆಯ ಭಾರ ಮತ್ತಷ್ಟು ಹೆಚ್ಚಿದೆ.

ಈ ಪ್ರದೇಶದ ಚರಿತ್ರೆಯನ್ನು ಬಲ್ಲವರಿಗೆ ಇದು ಹಳೆಯ ಕಥೆಯ ಹೊಸ ಅಧ್ಯಾಯವಾಗಿ ತೋರುತ್ತದೆ. ೧೯೧೮ರಲ್ಲಿ ಹೈದರಾಬಾದಿನ ಉಸ್ಮಾನಿಯ ವಿಶ್ವವಿದ್ಯಾಲಯವು ಉರ್ದುವನ್ನು ಬೋಧನಭಾಷೆಯಾಗಿ ಆರಿಸಿಕೊಂಡಿತು. ದೇಶಭಾಷೆಯೊಂದರಲ್ಲಿ ಉನ್ನತ ವಿದ್ಯೆಯನ್ನು ಕಲಿಸಬಹುದೆಂಬುದಕ್ಕೆ ಅದು ದೊಡ್ಡ ನಿದರ್ಶನವೇ ಹೌದು. ಆದರೆ ಸುರಪುರದ ಕನ್ನಡ ವಿದ್ಯಾರ್ಥಿಗೆ ಅದು ಪರಭಾಷೆಯೇ. ೧೯೫೬ರ ಏಕೀಕರಣದ ಬಳಿಕವೂ ಸ್ನಾತಕೋತ್ತರ ಶಿಕ್ಷಣ ಕಲಬುರಗಿಗೆ ಬರಲು ೧೯೭೦ರವರೆಗೆ ಕಾಯಬೇಕಾಯಿತು. ಗುಲಬರ್ಗಾ ವಿಶ್ವವಿದ್ಯಾಲಯವಾದುದು ೧೯೮೦ರಲ್ಲಿ. ಸಂವಿಧಾನದ ೩೭೧ಜೆ ವಿಧಿಯು ಜಾರಿಗೆ ಬಂದ ೨೦೧೩ರಿಂದ ಈ ಭಾಗದವರಿಗೆ ವಿದ್ಯಾಸಂಸ್ಥೆಗಳಲ್ಲಿ ಸ್ಥಾನಗಳು ಮೀಸಲಾಗಿವೆ. ಅದು ನ್ಯಾಯವೇ. ಆದರೆ ಮೀಸಲಾದ ಸ್ಥಾನವು ಮೂರರಿಂದ ಆರು ವರ್ಷಗಳ ಅನ್ನವನ್ನು ಕೊಡುವುದಿಲ್ಲ. ಬಾಗಿಲು ತೆರೆದಿದೆ, ಎಲೆ ಹಾಕಿಲ್ಲ.

೪

ಇದರ ಪರಿಣಾಮವು ಪ್ರೌಢಪ್ರಬಂಧಗಳಲ್ಲಿ ಹೇಗೆ ಕಾಣುತ್ತದೆ? ಇಲ್ಲಿಯೇ ನಮ್ಮ ವಿಮರ್ಶೆಯ ಮುಖ್ಯವಿಷಯವಿದೆ. ಕನ್ನಡ ವಿಭಾಗಗಳಿಗೆ ಬರುವ ಪ್ರಬಂಧಗಳಲ್ಲಿ ಒಂದು ಜಾತಿಯವು ಅತಿಯಾಗಿ ಕಾಣುತ್ತವೆ: ಆಧುನಿಕ ಲೇಖಕನೊಬ್ಬನ ಬದುಕು ಮತ್ತು ಬರಹ, ಅಥವಾ ಅವನ ಕಾದಂಬರಿಗಳಲ್ಲಿ ಇಂಥ ಪ್ರಜ್ಞೆ, ‘ಒಂದು ಅಧ್ಯಯನ’. ಅಧ್ಯಾಯಗಳ ಕ್ರಮವನ್ನು ಓದದೆಯೇ ಹೇಳಬಹುದು: ಪ್ರಸ್ತಾವನೆ, ಲೇಖಕನ ಜೀವನ, ಕಥಾಸಾರಗಳು, ಉಪಸಂಹಾರ. ಇದನ್ನು ವಿದ್ಯಾರ್ಥಿಯ ಆಲಸ್ಯವೆಂದು ನಾವು ನಿಂದಿಸುತ್ತ ಬಂದಿದ್ದೇವೆ. ಆದರೆ ಈ ಜಾತಿಯ ಪ್ರಬಂಧಕ್ಕೆ ಪ್ರವಾಸ ಬೇಡ, ಹಸ್ತಪ್ರತಿ ಬೇಡ, ಹೊಸ ಲಿಪಿ ಬೇಡ. ಹತ್ತು ಪುಸ್ತಕಗಳನ್ನು ಕೊಂಡು, ಅತಿಥಿ ಉಪನ್ಯಾಸಕನಾಗಿ ದುಡಿಯುತ್ತ, ಮನೆಯಲ್ಲಿಯೇ ಕುಳಿತು ಬರೆದು ಮುಗಿಸಬಹುದು. ವೇತನವಿಲ್ಲದವನಿಗೆ ಇದು ವಿವೇಕದ ಆಯ್ಕೆಯೇ ಸರಿ. ವಿಷಯವನ್ನು ಆರಿಸಿದವನು ವಿದ್ಯಾರ್ಥಿಯೆಂದು ತೋರಿದರೂ ವಾಸ್ತವವಾಗಿ ಆರಿಸಿದುದು ಅವನ ಕಿಸೆ.

ಇನ್ನೊಂದು ಕಡೆ ಉಳಿದುಹೋಗುತ್ತಿರುವುದು ಏನು? ಸಗರನಾಡಿನಿಂದಲೇ ಮೂರು ಉದಾಹರಣೆಗಳನ್ನು ಕೊಡುವೆವು. ಕೊಡೇಕಲ್ಲ ಬಸವಣ್ಣನ ಪರಂಪರೆಯ ಕಾಲಜ್ಞಾನ ಸಾಹಿತ್ಯದಲ್ಲಿ ಅಮರಗನ್ನಡವೆಂಬ ವಿಶಿಷ್ಟ ಲಿಪಿಯ ಪ್ರತಿಗಳಿವೆ. ಆ ಲಿಪಿಯನ್ನು ಕಲಿಯುವುದಕ್ಕೆ ತಿಂಗಳುಗಳು ಬೇಕು. ಪ್ರತಿಗಳನ್ನು ಪೂಜೆಯ ವಸ್ತುಗಳಾಗಿ ಕಾಪಾಡಿಕೊಂಡು ಬಂದವರ ವಿಶ್ವಾಸವನ್ನು ಗಳಿಸುವುದಕ್ಕೆ ಅದಕ್ಕಿಂತಲೂ ಹೆಚ್ಚು ಕಾಲ ಬೇಕು. ಎರಡನೆಯದು, ಕಡಕೋಳ ಮಡಿವಾಳಪ್ಪನ ಮತ್ತು ಆತನ ಶಿಷ್ಯಪರಂಪರೆಯ ತತ್ತ್ವಪದಗಳು. ಇವು ಅಚ್ಚಾಗಿದ್ದರೂ, ಏಕತಾರಿ ಹಿಡಿದು ರಾತ್ರಿಯಿಡೀ ಹಾಡುವವರ ಬಾಯಲ್ಲಿ ಪಾಠಗಳು ಬೇರೆ ಬೇರೆಯಾಗಿ ಬದುಕಿವೆ. ಪಾಠಾಂತರವನ್ನು ಗುರುತಿಸಬೇಕಾದರೆ ಆ ರಾತ್ರಿಗಳಲ್ಲಿ ಎಚ್ಚರವಾಗಿ ಕುಳಿತಿರಬೇಕು. ವೃದ್ಧ ಗಾಯಕರು ಒಬ್ಬೊಬ್ಬರಾಗಿ ಕಾಲವಶರಾಗುತ್ತಿದ್ದಾರೆ. ಮುಂದಿನ ಸಾಲಿನ ವೇತನಕ್ಕಾಗಿ ಅವರು ಕಾಯಲಾರರು. ಮೂರನೆಯದು, ಕಾಲುವೆಯು ತಂದ ಮಾತು. ನೀರಾವರಿಯು ಬಂದ ನಾಲ್ಕು ದಶಕಗಳಲ್ಲಿ ಒಣಬೇಸಾಯದ ಉಪಕರಣಗಳ, ಮಳೆನಕ್ಷತ್ರಗಳ ಗಾದೆಗಳ, ಹೊಲಗಳ ಹೆಸರುಗಳ ಬಳಕೆ ಹಿಂದಾಗಿದೆ. ಭತ್ತದ ಬೇಸಾಯದೊಡನೆ ಬಂದ ಬೇರೆ ಸೀಮೆಯವರ ಪದಗಳು ಸೇರಿವೆ. ಈ ವ್ಯವಸಾಯ ಪದಕೋಶವನ್ನು ಶೇಖರಿಸಲು ಭೀಮರಾಯನಗುಡಿಗಿಂತ ತಕ್ಕ ಸ್ಥಳವಿಲ್ಲ. ಅಲ್ಲಿ ಮಣ್ಣಿನ ಜಾತಿಯನ್ನು ಬಲ್ಲ ಕೃಷಿವಿದ್ಯಾರ್ಥಿಯಿದ್ದಾನೆ. ಅದೇ ಮಣ್ಣಿಗೆ ರೈತನು ಇಟ್ಟ ಹೆಸರನ್ನು ವಿವೇಚಿಸಬಲ್ಲ ಕನ್ನಡ ವಿದ್ಯಾರ್ಥಿಯು ಬೇರೊಂದು ವಿಶ್ವವಿದ್ಯಾಲಯದಲ್ಲಿದ್ದಾನೆ. ಇಬ್ಬರಿಗೂ ಒಬ್ಬ ಮಾರ್ಗದರ್ಶಕನಿಲ್ಲ, ಒಂದು ವೇತನವಿಲ್ಲ, ಒಂದು ಪದವಿಯಿಲ್ಲ.

೫

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು: ನಮ್ಮ ಹಿರಿಯರು ಯಾವ ವೇತನವನ್ನು ಪಡೆದು ಸಂಶೋಧನೆ ಮಾಡಿದರು? ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಹಳ್ಳಿಗಳಿಂದ ತಾಳೆಗರಿಗಳನ್ನು ಕೂಡಿಸಿ ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು; ಮನೆಯನ್ನು ಮಾರಿ ಮುದ್ರಣಾಲಯವನ್ನು ಸ್ಥಾಪಿಸಿದರು; ೧೯೨೬ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಅವರಿಗೆ ಪಿಎಚ್.ಡಿ. ಇರಲಿಲ್ಲ, ವೇತನವೂ ಇರಲಿಲ್ಲ. ಇದು ಸತ್ಯ, ಇದಕ್ಕಾಗಿ ಕನ್ನಡನಾಡು ಅವರಿಗೆ ಎಂದೆಂದಿಗೂ ಋಣಿ. ಆದರೆ ಈ ನಿದರ್ಶನವನ್ನು ಆಕ್ಷೇಪಕರು ಸರಿಯಾಗಿ ಓದಿಲ್ಲ. ಅವರಿಗೆ ಮಾರಲು ಒಂದು ಮನೆಯಿತ್ತು, ಜೀವನಕ್ಕೆ ಒಂದು ವೃತ್ತಿಯಿತ್ತು. ಮನೆಯೇ ಇಲ್ಲದವನಲ್ಲಿ ಅದೇ ತ್ಯಾಗವನ್ನು ನಿರೀಕ್ಷಿಸುವುದು ಹಳಕಟ್ಟಿಯವರಿಗೆ ಗೌರವವಲ್ಲ. ಒಬ್ಬ ಮಹನೀಯನ ತ್ಯಾಗವನ್ನು ಎಲ್ಲರಿಗೂ ನಿಯಮವಾಗಿ ವಿಧಿಸುವ ಸಮಾಜವು ತನ್ನ ಕರ್ತವ್ಯದಿಂದ ತಪ್ಪಿಸಿಕೊಳ್ಳುತ್ತಿದೆಯೆಂದೇ ಹೇಳಬೇಕು.

ಎರಡನೆಯ ಆಕ್ಷೇಪ ಹೆಚ್ಚು ತೂಕವುಳ್ಳದ್ದು: ಪೂರ್ಣ ವೇತನವನ್ನು ಐದು ವರ್ಷ ಪಡೆದವರೂ ನೀರಸವಾದ ಪ್ರಬಂಧಗಳನ್ನು ಬರೆದಿಲ್ಲವೇ? ಬರೆದಿದ್ದಾರೆ. ಹಣವು ವಿದ್ವಾಂಸನನ್ನು ಹುಟ್ಟಿಸುವುದಿಲ್ಲ. ಹಾಗೆಂದು ಹಣವನ್ನು ನಿರಾಕರಿಸಿದರೆ ವಿದ್ವತ್ತು ಹೆಚ್ಚುವುದೆಂದು ಯಾರೂ ವಾದಿಸಲಾರರು. ಈ ಆಕ್ಷೇಪದಿಂದ ಸಿದ್ಧವಾಗುವುದಿಷ್ಟೆ: ವೇತನವನ್ನು ಬಹುವಿಕಲ್ಪದ ಪ್ರಶ್ನೆಗಳ ಪರೀಕ್ಷೆಯೊಂದರಿಂದಲೇ ಹಂಚುವುದು ಸಾಲದು, ವಿದ್ಯಾರ್ಥಿಯು ಏನನ್ನು ಹುಡುಕಲು ಹೊರಟಿದ್ದಾನೆ, ಅದಕ್ಕೆ ಎಲ್ಲಿಗೆ ಹೋಗಬೇಕು, ಯಾವ ಆಕರಗಳನ್ನು ಕಾಣಬೇಕು ಎಂಬುದನ್ನು ವಿಷಯಜ್ಞರು ವಿಚಾರಿಸಿ ಕೊಡಬೇಕು. ಹಣವನ್ನು ಕಡಮೆಮಾಡುವುದಕ್ಕೆ ಇದು ಕಾರಣವಾಗಲಾರದು, ಪರಿಶೀಲನೆಯನ್ನು ಹೆಚ್ಚುಮಾಡುವುದಕ್ಕೆ ಮಾತ್ರ ಕಾರಣವಾದೀತು.

೬

ಮೇಲಣ ವಿವೇಚನೆಯಿಂದ ನಾವು ಮಾಡುವ ಸೂಚನೆಗಳು ನಾಲ್ಕು. ಒಂದು, ಸಾದಿಲ್ವಾರು ವೆಚ್ಚವನ್ನು ವಿಭಾಗದ ಹೆಸರನ್ನು ನೋಡಿ ಗೊತ್ತುಮಾಡದೆ ಕೆಲಸದ ಸ್ವರೂಪವನ್ನು ನೋಡಿ ಗೊತ್ತುಮಾಡಬೇಕು. ಕ್ಷೇತ್ರಕಾರ್ಯ ಮಾಡುವ ಕನ್ನಡ ವಿದ್ಯಾರ್ಥಿಗೆ ಕ್ಷೇತ್ರಕಾರ್ಯ ಮಾಡುವ ವಿಜ್ಞಾನಿಗೆ ಸಮನಾದ ಮೊತ್ತ ದೊರೆಯಬೇಕು. ಎರಡು, ನೆಟ್‌ನ ಮೊದಲನೆಯ ಪತ್ರಿಕೆಯನ್ನು ಕನ್ನಡದಲ್ಲಿಯೂ ಕೊಡಬೇಕೆಂದು ಕನ್ನಡ ವಿಭಾಗಗಳು ಒಕ್ಕೊರಲಿನಿಂದ ಕೇಳಬೇಕು. ವಿಷಯಪತ್ರಿಕೆಯನ್ನು ಕನ್ನಡದಲ್ಲಿ ಮುದ್ರಿಸಬಲ್ಲವರಿಗೆ ಇದು ಅಸಾಧ್ಯವಲ್ಲ. ಮೂರು, ಕೃಷಿ ವಿಶ್ವವಿದ್ಯಾಲಯವೂ ಸಾಮಾನ್ಯ ವಿಶ್ವವಿದ್ಯಾಲಯವೂ ಸೇರಿ ಜಂಟಿ ಮಾರ್ಗದರ್ಶನದಲ್ಲಿ ಕೆಲವು ವೇತನಗಳನ್ನು ಏರ್ಪಡಿಸಬೇಕು. ಭೀಮರಾಯನಗುಡಿಯಲ್ಲಿ ವ್ಯವಸಾಯ ಪದಕೋಶದ ಕೆಲಸವನ್ನು ಇಂಥ ಏರ್ಪಾಡಿನ ಮೊದಲ ಪ್ರಯೋಗವಾಗಿ ಕೈಕೊಳ್ಳಬಹುದು. ನಾಲ್ಕು, ಕೊಡುವ ವೇತನವು ಅಲ್ಪವೇ ಆಗಿರಲಿ, ತಿಂಗಳು ತಿಂಗಳಿಗೆ ತಪ್ಪದೆ ಬರಬೇಕು. ವರ್ಷದ ಕೊನೆಗೆ ಒಟ್ಟಾಗಿ ಬರುವ ಹಣದಿಂದ ಸಾಲವನ್ನು ತೀರಿಸಬಹುದು, ಕ್ಷೇತ್ರಕಾರ್ಯವನ್ನು ಮಾಡಲಾಗದು.

ವಿದ್ವತ್ ಸಂಸ್ಥೆಗಳಿಗೂ ಇದರಲ್ಲಿ ಪಾಲುಂಟು. ಆಯೋಗದ ನಿಯಮಗಳನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ. ಆದರೆ ಒಬ್ಬ ವಿದ್ಯಾರ್ಥಿಯನ್ನು ಒಂದು ಬೇಸಗೆ ಕೊಡೇಕಲ್ಲಿಗೆ ಕಳುಹಿಸಲು ಬೇಕಾದಷ್ಟು ಹಣವನ್ನು ಕೂಡಿಸುವುದು ಸಂಸ್ಥೆಗಳಿಗೆ ಅಶಕ್ಯವಲ್ಲ. ಪ್ರೌಢಪ್ರಬಂಧಗಳನ್ನು ಪರೀಕ್ಷಿಸುವ ಅಧ್ಯಾಪಕರು ಮುಂದೆ ಯಾವುದಾದರೊಂದು ‘ಬದುಕು ಬರಹ’ವನ್ನು ಓದಿ ಬೇಸರಗೊಂಡಾಗ, ಆ ವಿದ್ಯಾರ್ಥಿಗೆ ಬೇರೆಯ ವಿಷಯವನ್ನು ಆರಿಸುವ ಸ್ವಾತಂತ್ರ್ಯವಿತ್ತೇ ಎಂದು ಒಮ್ಮೆ ಕೇಳಿಕೊಳ್ಳಲಿ. ಇರಲಿಲ್ಲವಾದರೆ ಆ ಪ್ರಬಂಧದ ದೋಷಗಳಲ್ಲಿ ಕೆಲವು ನಮ್ಮವು. ಇಸಂಪುರದ ಕಲ್ಲುಗಳು ೧೨ ಲಕ್ಷ ವರ್ಷ ಕಾದವು, ಇನ್ನೂ ಕಾಯಬಲ್ಲವು. ತತ್ತ್ವಪದವನ್ನು ಬಾಯಲ್ಲಿಟ್ಟುಕೊಂಡ ಮುದುಕನಿಗೆ ಅಷ್ಟು ಕಾಲವಿಲ್ಲ. ಆದುದರಿಂದ ಈ ವಿಷಯವನ್ನು ಕಚೇರಿಗಳಿಗೆ ಬಿಟ್ಟು ಸುಮ್ಮನಿರುವುದು ಸಾಹಿತ್ಯದ ಅಧ್ಯಾಪಕರಿಗೆ ಉಚಿತವಲ್ಲವೆಂದು ಬಿನ್ನವಿಸಿ ಈ ಲೇಖನವನ್ನು ಮುಗಿಸುವೆವು.